ಗೋಣಿತಟ್ಟಿನ ಮೇಲಿನ ಸಾಕ್ಷ್ಯ: ಚಿಲಿಯ ಅರ್ಪಿಯೇರಾ ಪ್ರಕರಣ

ಸಾಮಾನ್ಯ ಹೆಂಗಸರ ಬದುಕನ್ನು ಕಲೆಯಾಗಿಸುವ ಮಾತು ಬಂದಾಗ ಚರ್ಚೆ ಬಹುಮಟ್ಟಿಗೆ ಕಲಾವಿದರ ಸುತ್ತಲೇ ನಡೆಯುತ್ತದೆ. ಕಥೆ ಕೇಳಲು ಹೋದವರು ಹೇಗೆ ಕೇಳಿದರು, ಹೇಗೆ ಬರೆದುಕೊಂಡರು, ಅದನ್ನು ರಂಗಕ್ಕೋ ಕ್ಯಾನ್ವಾಸಿಗೋ ಹೇಗೆ ತಂದರು ಎಂಬುದೇ ದೊಡ್ಡ ವಿಷಯವಾಗುತ್ತದೆ. ಆ ಬದುಕನ್ನು ಬದುಕಿದವಳು ಸರಕು ಒದಗಿಸಿದವಳಾಗಿ ಹಿಂದೆ ಸರಿಯುತ್ತಾಳೆ. ಈ ಏರ್ಪಾಡು ಸಂಪೂರ್ಣ ತಲೆಕೆಳಗಾದ ಒಂದು ಪ್ರಕರಣ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. 1970ರ ದಶಕದ ನಡುವಿನಲ್ಲಿ ಚಿಲಿಯ ರಾಜಧಾನಿ ಸಾಂಟಿಯಾಗೊದಲ್ಲಿ, ಗಂಡನನ್ನೋ ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಹೆಂಗಸರು, ಮನೆಯಲ್ಲಿ ಒಲೆ ಹೊತ್ತಿಸಲು ಗತಿಯಿಲ್ಲದ ಹೆಂಗಸರು, ಗೋಣಿತಟ್ಟಿನ ಮೇಲೆ ಚೂರುಬಟ್ಟೆ ಹೊಲಿದು ತಮ್ಮ ಕಥೆಯನ್ನು ತಾವೇ ಚಿತ್ರಿಸತೊಡಗಿದರು. ಆ ಚಿತ್ರಗಳಿಗೆ ಅರ್ಪಿಯೇರಾ ಎಂದು ಹೆಸರು. ಸ್ಪ್ಯಾನಿಷ್‌ನಲ್ಲಿ ಗೋಣಿತಟ್ಟಿಗೆ ಇರುವ ಹೆಸರೇ ಅದು. ಹೊಲಿದವರಿಗೆ ಅರ್ಪಿಯೇರಿಸ್ತಾ ಎನ್ನುತ್ತಾರೆ.

ಈ ಪ್ರಕರಣವನ್ನು ಸಾಮಾನ್ಯವಾಗಿ ಸಂಕಟದ ಕಥೆಯಾಗಿ, ಧೈರ್ಯದ ಕಥೆಯಾಗಿ ಹೇಳುತ್ತಾರೆ. ಸಂಕಟವೂ ಧೈರ್ಯವೂ ಇದ್ದವು ನಿಜ. ಆದರೆ ಸಂಕಟ ಎಲ್ಲೆಡೆ ಇದೆ, ಅದೆಲ್ಲ ಕಲೆಯಾಗುವುದಿಲ್ಲ. ಇಲ್ಲಿ ಸೂಜಿ ಯಾರ ಕೈಯಲ್ಲಿತ್ತು, ಹಣ ಯಾರ ಕೈ ಸೇರಿತು, ಯಾವ ಚಿತ್ರ ಹೊರಗೆ ಹೋಗಬೇಕೆಂದು ಯಾರು ತೀರ್ಮಾನಿಸಿದರು ಎಂಬ ಮೂರು ಸಂಗತಿಗಳೇ ಈ ಕಲೆಯನ್ನು ಹುಟ್ಟಿಸಿದವು. ಮುಂದೆ ಅದರ ಮೊನಚು ಮೊಂಡಾದದ್ದಕ್ಕೂ ಅವೇ ಕಾರಣ. ಈ ಎರಡನ್ನೂ ಒಟ್ಟಿಗೆ ನೋಡದೆ ಅರ್ಪಿಯೇರಾಗಳನ್ನು ಹೊಗಳುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆ

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆ ಅಧ್ಯಕ್ಷ ಸಾಲ್ವಡೋರ್ ಅಯೆಂದೆ ಅವರ ಚುನಾಯಿತ ಸರ್ಕಾರವನ್ನು ಉರುಳಿಸಿತು. ಜನರಲ್ ಅಗಸ್ಟೊ ಪಿನೊಚೆಯ ಆಳ್ವಿಕೆ 1990ರ ಮಾರ್ಚ್‌ವರೆಗೆ ನಡೆಯಿತು. ಕಾರ್ಮಿಕ ಮುಖಂಡರು, ವಿದ್ಯಾರ್ಥಿಗಳು, ಎಡಪಕ್ಷಗಳ ಕಾರ್ಯಕರ್ತರು ಮನೆಯಿಂದಲೋ ಬೀದಿಯಿಂದಲೋ ಎತ್ತೊಯ್ಯಲ್ಪಟ್ಟರು. ವಿಚಾರಿಸಲು ಹೋದರೆ ಅಂಥವರನ್ನು ನಾವು ಬಂಧಿಸಿಯೇ ಇಲ್ಲ ಎಂಬ ಉತ್ತರ. ಪ್ರಜಾಪ್ರಭುತ್ವ ಮರಳಿದ ಮೇಲೆ ನೇಮಕವಾದ ಆಯೋಗಗಳ ಲೆಕ್ಕದಲ್ಲಿ, ಕೊಲೆಯಾದವರು ಮತ್ತು ಕಾಣೆಯಾದವರು ಸೇರಿ 3 ಸಾವಿರಕ್ಕೂ ಹೆಚ್ಚು ಮಂದಿ. ಅದರಲ್ಲಿ ಸಾವಿರಕ್ಕೂ ಹೆಚ್ಚು ಜನರ ದೇಹವೂ ಸಿಕ್ಕಿಲ್ಲ.

ಹುಡುಕಾಟಕ್ಕೆ ಇಳಿದವರು ಹೆಚ್ಚಾಗಿ ಹೆಂಗಸರು. ಜೈಲು, ಆಸ್ಪತ್ರೆ, ಶವಾಗಾರ, ನ್ಯಾಯಾಲಯ ಎಂದು ದಿನವಿಡೀ ಅಲೆಯುತ್ತಿದ್ದ ಅವರು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಂಡದ್ದು ಅಲ್ಲಿನ ಸಾಲುಗಳಲ್ಲೇ. ಬಂಧಿತರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೋರುವ ಸಾವಿರಾರು ಹೇಬಿಯಸ್ ಕಾರ್ಪಸ್ ಅರ್ಜಿಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟು ಉಳಿದೆಲ್ಲವನ್ನೂ ನ್ಯಾಯಾಲಯಗಳು ತಳ್ಳಿಹಾಕಿದವು. ವಿಧವೆ ಎನ್ನಲು ದಾಖಲೆಯಿಲ್ಲ, ಗಂಡನಿದ್ದಾನೆ ಎನ್ನಲು ಗಂಡನಿಲ್ಲ. ಮನೆಯ ದುಡಿಮೆಯಂತೂ ನಿಂತೇಹೋಗಿತ್ತು.

ಇನ್ನೊಂದು ಗುಂಪಿನ ಹೆಂಗಸರೂ ಇದ್ದರು. ಸೇನಾಡಳಿತ ತಂದ ಆರ್ಥಿಕ ನೀತಿಯಿಂದ ಕಾರ್ಖಾನೆಗಳು ಮುಚ್ಚಿ, ನಗರದ ಅಂಚಿನ ಬಡಾವಣೆಗಳಲ್ಲಿ ಗಂಡಸರು ಕೆಲಸ ಕಳೆದುಕೊಂಡು ಕುಳಿತರು. 1975ರಲ್ಲಿ ಸರ್ಕಾರ ಕನಿಷ್ಠ ಉದ್ಯೋಗ ಯೋಜನೆಯೊಂದನ್ನು ತಂದಿತು. ಅದರ ಕೂಲಿ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಈ ಮನೆಗಳ ಹೆಂಗಸರಿಗೆ ಬೇಕಾಗಿದ್ದುದು ಮೊದಲಿಗೆ ಹಣ. ಅರ್ಪಿಯೇರಾ ಚಳವಳಿಯನ್ನು ಕೇವಲ ಕಾಣೆಯಾದವರ ಬಂಧುಗಳ ಕೆಲಸವೆಂದು ಹೇಳುವ ಬರಹಗಳು ಈ ಎರಡನೆಯ ಗುಂಪನ್ನು ಮರೆಯುತ್ತವೆ. ಸಂಖ್ಯೆಯಲ್ಲಿ ಇವರೇ ಹೆಚ್ಚು.

ಎರಡೂ ಗುಂಪಿಗೆ ಆಸರೆಯಾದದ್ದು ಚರ್ಚು. 1973ರ ಅಕ್ಟೋಬರ್‌ನಲ್ಲಿ ಹಲವು ಧರ್ಮಗಳ ಮುಖಂಡರು ಸೇರಿ ಶಾಂತಿ ಸಮಿತಿಯೊಂದನ್ನು ಕಟ್ಟಿದರು. ಪಿನೊಚೆಯ ಒತ್ತಡದಿಂದ 1975ರ ಕೊನೆಗೆ ಅದು ಮುಚ್ಚಿತು. ಆದರೆ 1976ರ ಜನವರಿಯಲ್ಲೇ ಕಾರ್ಡಿನಲ್ ರೌಲ್ ಸಿಲ್ವಾ ಎನ್ರಿಕೆಸ್ ಅವರು ಕ್ಯಾಥೊಲಿಕ್ ಚರ್ಚಿನ ಅಂಗವಾಗಿಯೇ 'ವಿಕಾರಿಯಾ ದೆ ಲಾ ಸೊಲಿದಾರಿದಾದ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ನಗರದ ಮುಖ್ಯ ಚೌಕದಲ್ಲಿ, ಕೆಥೆಡ್ರಲ್‌ಗೆ ಅಂಟಿಕೊಂಡಂತಿದ್ದ ಅದರ ಕಚೇರಿಯಲ್ಲಿ ವಕೀಲರೂ ವೈದ್ಯರೂ ಸಮಾಜ ಕಾರ್ಯಕರ್ತರೂ ಕೆಲಸ ಮಾಡುತ್ತಿದ್ದರು. ಚರ್ಚಿನ ಬಾಗಿಲನ್ನು ಒದೆಯಲು ಸೇನೆಯೂ ಹಿಂದೆಮುಂದೆ ನೋಡುತ್ತಿತ್ತು.

ಸೂಜಿ ಹಿಡಿದದ್ದು

ಶಾಂತಿ ಸಮಿತಿಯಲ್ಲಿದ್ದ ಕಲಾವಿದೆ ವಲೆಂತಿನಾ ಬೊನ್ ಈ ಕೆಲಸಕ್ಕೆ ಚಾಲನೆ ಕೊಟ್ಟವರಲ್ಲಿ ಮುಖ್ಯರು. ಕಣ್ಣೆದುರು ಒಂದು ಮಾದರಿಯೂ ಇತ್ತು. ಚಿಲಿಯ ಹೆಸರಾಂತ ಜನಪದ ಗಾಯಕಿ ವಿಯೊಲೆತಾ ಪಾರ್ರಾ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಗೋಣಿತಟ್ಟಿನ ಮೇಲೆ ಉಣ್ಣೆದಾರದಿಂದ ಚಿತ್ರ ಕಸೂತಿ ಮಾಡಲು ಆರಂಭಿಸಿದ್ದರು. 1964ರಲ್ಲಿ ಪ್ಯಾರಿಸಿನ ಲೂವ್ರ್ ಅರಮನೆಯಲ್ಲಿರುವ ಅಲಂಕಾರ ಕಲೆಗಳ ಸಂಗ್ರಹಾಲಯದಲ್ಲಿ ಅವುಗಳ ಪ್ರದರ್ಶನವೂ ನಡೆದಿತ್ತು. ಗೋಣಿಯೂ ಗೋಡೆಗೇರಬಹುದು ಎಂಬುದು ಆ ನಾಡಿಗೆ ತಿಳಿದ ಸಂಗತಿಯಾಗಿತ್ತು.

ಆದರೆ ಪಾರ್ರಾ ಅವರ ಕಸೂತಿಗೆ ಬಹಳಷ್ಟು ಉಣ್ಣೆದಾರ ಬೇಕು, ಬಿಡುವು ಬೇಕು. ಈ ಹೆಂಗಸರ ಬಳಿ ಅವೆರಡೂ ಇರಲಿಲ್ಲ. ಇದ್ದದ್ದು ಹಿಟ್ಟಿನ ಚೀಲ ಮತ್ತು ಹಳೆಯ ಬಟ್ಟೆ. ಹಾಗಾಗಿ ಕಸೂತಿಯ ಜಾಗಕ್ಕೆ ತೇಪೆ ಬಂತು.

ಕೆಲಸ ಹೀಗೆ ಸಾಗುತ್ತಿತ್ತು. ಹಿಟ್ಟಿನದೋ ಆಲೂಗಡ್ಡೆಯದೋ ಚೀಲವನ್ನು ಬಿಚ್ಚಿ, ಒಗೆದು, ಒಂದೂವರೆ ಅಡಿ ಅಗಲದ ಆಸುಪಾಸಿನ ತುಂಡುಗಳಾಗಿ ಕತ್ತರಿಸುವುದು. ಮೊದಲು ದೊಡ್ಡ ಬಟ್ಟೆಗಳು: ಮೇಲೆ ಆಕಾಶ, ಅದರ ಕೆಳಗೆ ಆಂಡಿಸ್ ಪರ್ವತಸಾಲು, ಕೆಳಗಡೆ ನೆಲ ಅಥವಾ ಬೀದಿ. ನಂತರ ಮನೆಗಳು, ಮರಗಳು, ಕಾರ್ಖಾನೆಯ ಗೋಡೆ. ಜನರನ್ನು ಮಾತ್ರ ಚಪ್ಪಟೆಯಾಗಿ ಹೊಲಿಯುತ್ತಿರಲಿಲ್ಲ. ಚಿಂದಿ ತುಂಬಿದ ತಲೆ, ದಾರದ ಕಣ್ಣುಬಾಯಿ, ಉಣ್ಣೆಯ ಕೂದಲು ಇರುವ ಹೆಬ್ಬೆರಳುದ್ದದ ಬೊಂಬೆಗಳನ್ನು ಬೇರೆಯಾಗಿ ಮಾಡಿ, ಅವಕ್ಕೆ ಅಂಗಿ ಲಂಗ ತೊಡಿಸಿ, ಬಟ್ಟೆಯ ಮೇಲೆ ಉಬ್ಬಿ ನಿಲ್ಲುವಂತೆ ಕೂಡಿಸುತ್ತಿದ್ದರು. ಕೆಲವರು ತಮ್ಮ ತಲೆಗೂದಲನ್ನೇ ಬೊಂಬೆಗೆ ಹೊಲಿದರು. ಬೆಂಕಿಕಡ್ಡಿ, ಪ್ಲಾಸ್ಟಿಕ್ ಚೂರು, ತಗಡಿನ ಹಾಳೆ, ಕೈಗೆ ಸಿಕ್ಕಿದ್ದೆಲ್ಲ ಚಿತ್ರದೊಳಗೆ ಬರುತ್ತಿತ್ತು. ಸುತ್ತಲೂ ಉಣ್ಣೆದಾರದ ಕ್ರೋಷಾ ಅಂಚು, ಹಿಂದೆ ಅಸ್ತರು. ಕೌದಿ ಹೊಲಿಯುವ ಕೈಗಳಿಗೆ ಈ ಕೆಲಸದ ಅರ್ಧಭಾಗ ಹೇಳಿಕೊಡಬೇಕಾಗಿಲ್ಲ.

ಕಾಣೆಯಾದವರ ಮನೆಯ ಹೆಂಗಸರು ಬಳಸಿದ ಬಟ್ಟೆಯಲ್ಲಿ ಕಾಣೆಯಾದವರ ಬಟ್ಟೆಯೂ ಇತ್ತು. ಮಗನ ಅಂಗಿಯಿಂದ ಕತ್ತರಿಸಿದ ತುಂಡೇ ಚಿತ್ರದಲ್ಲಿ ಮಗನ ಅಂಗಿಯಾಗುತ್ತಿತ್ತು. ಈ ಒಂದು ಸಂಗತಿಯ ಮೇಲೆ ನಾನು ಎಷ್ಟು ಸಲ ಯೋಚಿಸಿದ್ದರೂ ಸಾಲದು. ಬಟ್ಟೆ ಇಲ್ಲಿ ವ್ಯಕ್ತಿಯ ಸಂಕೇತವಾಗಿ ನಿಲ್ಲುವುದಿಲ್ಲ. ಅವನ ಮೈಗೆ ತಾಗಿದ, ಅವನಿದ್ದನೆಂದು ಸಾಧಿಸುವ ಕೊನೆಯ ವಸ್ತು ಅದು. ಅಂಥವನನ್ನು ನಾವು ಬಂಧಿಸಿಲ್ಲ ಎನ್ನುವ ಸರ್ಕಾರದ ಮುಂದೆ ತಾಯಿಯೊಬ್ಬಳು ಹಿಡಿದ ಪುರಾವೆ. ಅದನ್ನು ಕತ್ತರಿಸಲು ಕತ್ತರಿ ಎತ್ತುವ ಹೊತ್ತಿನಲ್ಲಿ ಅವಳು ಮಾಡಿರಬೇಕಾದ ತೀರ್ಮಾನವನ್ನು ಯಾವ ಕಲಾಶಾಲೆಯೂ ಕಲಿಸಲಾರದು.

ಹೊಲಿಗೆ ಮನೆಯಲ್ಲಿ ನಡೆದರೂ ಕೆಲಸದ ಜೀವ ಇದ್ದದ್ದು ಗುಂಪಿನಲ್ಲಿ. ಬಡಾವಣೆಯ ಚರ್ಚಿನ ಕೋಣೆಯಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದರು. ಏನು ಹೊಲಿಯಬೇಕೆಂದು ಮಾತಾಡುತ್ತಿದ್ದರು, ತಂದದ್ದನ್ನು ಹರಡಿ ನೋಡುತ್ತಿದ್ದರು, ಒಬ್ಬರದನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಒಳ್ಳೆಯದಾಗಿಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಹಣದ ಲೆಕ್ಕ ನೋಡಿಕೊಳ್ಳಲು ಗುಂಪಿನಲ್ಲೇ ಒಬ್ಬಳು. ವಿಕಾರಿಯಾ ಚಿತ್ರಗಳನ್ನು ಕೊಂಡು ವಿದೇಶಕ್ಕೆ ಕಳಿಸುತ್ತಿತ್ತು. ಬಂದ ಹಣ ಹೊಲಿದವಳಿಗೆ, ಒಂದು ಪಾಲು ಗುಂಪಿನ ನಿಧಿಗೆ. ಮಕ್ಕಳ ಕಾಯಿಲೆಗೋ ಯಾರದೋ ಮನೆಯ ಕಷ್ಟಕ್ಕೋ ಆ ನಿಧಿ ಒದಗುತ್ತಿತ್ತು.

ಈ ಚಿತ್ರಗಳನ್ನು ಮಾನಸಿಕ ಚಿಕಿತ್ಸೆ ಎಂದು ಕರೆಯುವವರಿದ್ದಾರೆ. ಹೊಲಿಯುವಾಗ ಮನಸ್ಸು ಹಗುರಾದದ್ದು ನಿಜವೇ. ಅದನ್ನು ಹಲವು ಹೆಂಗಸರು ತಾವೇ ಹೇಳಿದ್ದಾರೆ. ಆದರೆ ಚಿಕಿತ್ಸೆಗಾಗಿ ಮಾಡಿದ್ದನ್ನು ಯಾರೂ ಬಿಚ್ಚಿ ಮತ್ತೆ ಹೊಲಿಸುವುದಿಲ್ಲ. ಇಲ್ಲಿ ಬಣ್ಣ ಹೊಂದಬೇಕಿತ್ತು, ಬೊಂಬೆ ನಿಲ್ಲಬೇಕಿತ್ತು, ಕಥೆ ಮಾತಿಲ್ಲದೆ ತಿಳಿಯಬೇಕಿತ್ತು. ಅದು ಕಲೆಯ ಶಿಸ್ತು, ಮತ್ತು ಅದನ್ನು ಹೇರಿದವರಲ್ಲಿ ಮೊದಲಿಗರು ಆ ಹೆಂಗಸರೇ.

ಏನನ್ನು ಹೊಲಿದರು

ಮತ್ತೆ ಮತ್ತೆ ಬರುವ ದೃಶ್ಯಗಳು ಕೆಲವಿವೆ. ನಡುವೆ ಹೊಗೆಯಾಡುವ ದೊಡ್ಡ ಪಾತ್ರೆ, ಸುತ್ತ ಬಟ್ಟಲು ಹಿಡಿದ ಮಕ್ಕಳು: ಬಡಾವಣೆಯ ಹೆಂಗಸರು ಸಿಕ್ಕಿದ ಕಾಳುಕಡ್ಡಿ ಒಟ್ಟು ಮಾಡಿ ಬೇಯಿಸುತ್ತಿದ್ದ ಸಾಮೂಹಿಕ ಅಡುಗೆ. ಬೀಗ ಬಿದ್ದ ಕಾರ್ಖಾನೆ, ಬಾಗಿಲಲ್ಲಿ 'ಕೆಲಸ ಖಾಲಿಯಿಲ್ಲ' ಎಂಬ ಹಲಗೆ. ಇಡೀ ಬೀದಿಗೆ ಒಂದೇ ನಲ್ಲಿ, ಬಕೆಟ್ ಸಾಲು. ವಿದ್ಯುತ್ ಕಡಿತವಾದ ಮನೆಯವರು ರಾತ್ರಿ ಕಂಬದಿಂದ ತಂತಿ ಎಳೆದುಕೊಳ್ಳುವುದು. ಎಲ್ಲದರ ಹಿಂದೆ ಅದೇ ಪರ್ವತ, ಹೆಚ್ಚಿನವುಗಳಲ್ಲಿ ನಗುವ ಬಣ್ಣದ ಸೂರ್ಯ.

ಆ ಬಣ್ಣ ಮೊದಲ ನೋಟಕ್ಕೆ ನೋಡುವವರನ್ನು ದಾರಿ ತಪ್ಪಿಸುತ್ತದೆ. ಹಳದಿ, ಕೆಂಪು, ತಿಳಿನೀಲಿ, ಹೂವಿನ ಅಚ್ಚಿನ ಲಂಗಗಳು. ಮಕ್ಕಳ ಕೋಣೆಯಲ್ಲಿ ತೂಗುಹಾಕಬಹುದು ಎನಿಸುತ್ತದೆ. ಹತ್ತಿರ ಹೋದಾಗ ಆ ಪುಟ್ಟ ಬೊಂಬೆಗಳ ಮುಂದೆ ಬಂದೂಕು ಹಿಡಿದ ಬೊಂಬೆಗಳಿವೆ ಎಂಬುದು ಕಾಣುತ್ತದೆ.

ಕಾಣೆಯಾದವರ ಬಂಧುಗಳು ಹೊಲಿದ ಒಂದು ದೃಶ್ಯವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಕ್ವೆಕಾ ಎಂಬುದು ಚಿಲಿಯ ಜೋಡಿ ನೃತ್ಯ. ಗಂಡು ಹೆಣ್ಣು ಕರವಸ್ತ್ರ ಬೀಸುತ್ತ ಒಬ್ಬರನ್ನೊಬ್ಬರು ಸುತ್ತುವ ಕುಣಿತ. 1978ರ ಮಾರ್ಚ್ 8ರಂದು, ಅಂತರರಾಷ್ಟ್ರೀಯ ಮಹಿಳಾ ದಿನದಂದು, ಸಾಂಟಿಯಾಗೊದ ಕವುಪೊಲಿಕಾನ್ ರಂಗಮಂದಿರದಲ್ಲಿ ಕಾಣೆಯಾದವರ ಮನೆಯ ಹೆಂಗಸರು ಅದನ್ನು ಒಂಟಿಯಾಗಿ ಕುಣಿದರು. ಅರ್ಪಿಯೇರಾಗಳಲ್ಲಿ ಈ ದೃಶ್ಯ ಹೀಗೆ ಬರುತ್ತದೆ: ಬಿಳಿ ಕುಪ್ಪಸ, ಕಪ್ಪು ಲಂಗದ ಹೆಂಗಸರ ಸಾಲು, ಎದೆಯ ಮೇಲೆ ಚೌಕವಾದ ಸಣ್ಣ ಚೂರು, ಅದು ಕಾಣೆಯಾದವನ ಭಾವಚಿತ್ರ. ಮುಂದೆ ಕರವಸ್ತ್ರ ಎತ್ತಿದ ಒಬ್ಬಳೇ ಹೆಂಗಸು. ಅವಳ ಎದುರಿನ ಬಟ್ಟೆಯಲ್ಲಿ ಯಾರೂ ಇಲ್ಲ. ಚಿತ್ರದಲ್ಲಿ ಇಲ್ಲದವನನ್ನು ತೋರಿಸುವುದು ಬಹಳ ಕಷ್ಟದ ಕೆಲಸ. ಕುಣಿತದ ನಿಯಮವೇ ಇಬ್ಬರನ್ನು ಬೇಡುವುದರಿಂದ ಇಲ್ಲಿ ಖಾಲಿ ಜಾಗ ತಾನಾಗಿ ಒಬ್ಬ ವ್ಯಕ್ತಿಯ ಆಕಾರ ಪಡೆಯುತ್ತದೆ.

ಸುದ್ದಿಯನ್ನೂ ಹೊಲಿದರು. 1978ರ ಕೊನೆಯಲ್ಲಿ ಸಾಂಟಿಯಾಗೊ ಹತ್ತಿರದ ಲೊಂಕೆನ್‌ನಲ್ಲಿ ಪಾಳುಬಿದ್ದ ಸುಣ್ಣದ ಗೂಡುಗಳೊಳಗೆ 15 ಮಂದಿಯ ಅವಶೇಷಗಳು ಸಿಕ್ಕಿದವು. 1973ರ ಅಕ್ಟೋಬರ್‌ನಲ್ಲಿ ಪೊಲೀಸರು ಹಿಡಿದೊಯ್ದಿದ್ದ ಬಡ ರೈತಾಪಿ ಜನ. ಅವರಲ್ಲಿ ಒಬ್ಬ ತಂದೆ ಮತ್ತು ಅವನ ನಾಲ್ವರು ಗಂಡುಮಕ್ಕಳು. ಕಾಣೆಯಾದವರು ಸತ್ತಿದ್ದಾರೆ ಎಂಬುದಕ್ಕೆ ಸಿಕ್ಕ ಮೊದಲ ದೊಡ್ಡ ಸಾಕ್ಷ್ಯ ಅದು. ಜನ ಅಲ್ಲಿಗೆ ಯಾತ್ರೆಯಂತೆ ಹೋಗತೊಡಗಿದಾಗ, 1980ರಲ್ಲಿ ಆ ಗೂಡುಗಳನ್ನು ಸಿಡಿಮದ್ದಿಟ್ಟು ಕೆಡವಲಾಯಿತು. ಹೆಂಗಸರ ಬಟ್ಟೆಯ ಮೇಲೆ ಗೂಡುಗಳು ಉಳಿದವು. 1979ರಲ್ಲಿ ಬಂಧುಗಳು ಮುಚ್ಚಿದ ಸಂಸತ್ ಭವನದ ಕಬ್ಬಿಣದ ಬೇಲಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡದ್ದೂ ಹೀಗೆಯೇ ಚಿತ್ರವಾಯಿತು. ಪತ್ರಿಕೆಗಳು ಬಾಯಿಮುಚ್ಚಿದ್ದ ಕಾಲದಲ್ಲಿ ಇವು ಹೊರಜಗತ್ತಿಗೆ ವರದಿಗಳಾಗಿ ತಲುಪಿದವು. ಹಲವು ಚಿತ್ರಗಳ ಹಿಂದೆ ಅಸ್ತರಿನಲ್ಲಿ ಪುಟ್ಟ ಜೇಬು, ಅದರೊಳಗೆ ಮಡಿಸಿದ ಚೀಟಿ: ಇದು ಏನು, ಎಲ್ಲಿ ನಡೆಯಿತು ಎಂದು ಕೈಬರಹದಲ್ಲಿ. ಹೆಸರು ಮಾತ್ರ ಇರುತ್ತಿರಲಿಲ್ಲ.

ಹೆಂಗಸರ ಹೊಲಿಗೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿದ್ದುದೇ ಆರಂಭದಲ್ಲಿ ರಕ್ಷಣೆಯಾಯಿತು. ಅದು ಬಹಳ ಕಾಲ ಉಳಿಯಲಿಲ್ಲ. 1977ರ ಜನವರಿಯಲ್ಲಿ ಅರ್ಪಿಯೇರಾಗಳನ್ನು ಪ್ರದರ್ಶಿಸಿದ್ದ ಸಾಂಟಿಯಾಗೊದ ಪೌಲಿನಾ ವಾ ಗ್ಯಾಲರಿಗೆ ಬೆಂಕಿ ಬಾಂಬ್ ಬಿತ್ತು. ಸರ್ಕಾರದ ಪರವಾದ ಪತ್ರಿಕೆಗಳು ಇವನ್ನು ದೇಶದ ಮಾನ ಕಳೆಯುವ ಬಟ್ಟೆಗಳೆಂದು ಜರೆದವು. ಬಡಾವಣೆಗಳ ಮೇಲೆ ದಾಳಿ ನಡೆದಾಗ ಅರ್ಧ ಹೊಲಿದದ್ದನ್ನು ಬಚ್ಚಿಡಬೇಕಾಗುತ್ತಿತ್ತು.

ಮನೆಯೊಳಗಿನ ಬದಲಾವಣೆಯ ಬಗ್ಗೆ ಸಮಾಜಶಾಸ್ತ್ರಜ್ಞೆ ಜಾಕ್ವೆಲಿನ್ ಆಡಮ್ಸ್ ಅವರ ಅಧ್ಯಯನ ತುಂಬ ಬೆಲೆಯುಳ್ಳದ್ದು. ಅವರು ಹೊಲಿದವರನ್ನೂ ಸಾಗಿಸಿದವರನ್ನೂ ಕೊಂಡವರನ್ನೂ ಮಾತಾಡಿಸಿದ್ದಾರೆ. ಗಂಡ ಕೆಲಸವಿಲ್ಲದೆ ಕುಳಿತ ಮನೆಯಲ್ಲಿ ಹೆಂಡತಿಯ ಸೂಜಿಯಿಂದ ಹಣ ಬಂತು. ಅದರೊಂದಿಗೆ ಅವಳು ಸಭೆಗೆ ಹೊರಟಳು, ಸಂಜೆ ತಡವಾಗಿ ಬಂದಳು, ರಾಜಕೀಯ ಮಾತಾಡಿದಳು. ಎಲ್ಲ ಗಂಡಂದಿರಿಗೂ ಇದು ಹಿಡಿಸಲಿಲ್ಲ.

ಮೊನಚು ಮೊಂಡಾದ ಬಗೆ

ಈಗ ಕಷ್ಟದ ಭಾಗ. ಹಣ ಬೇಕಿತ್ತು, ಹಣಕ್ಕೆ ಕೊಳ್ಳುವವರು ಬೇಕು. ಕೊಳ್ಳುತ್ತಿದ್ದವರು ಯುರೋಪ್ ಮತ್ತು ಉತ್ತರ ಅಮೆರಿಕದ ಮಾನವ ಹಕ್ಕು ಗುಂಪುಗಳು, ಚರ್ಚಿನವರು, ಗಡಿಪಾರಾದ ಚಿಲಿಯನ್ನರು. ಅವರು ಒಳ್ಳೆಯ ಮನಸ್ಸಿನಿಂದಲೇ ಕೊಂಡರು. ಆದರೂ ಗೋಡೆಗೆ ತೂಗುಹಾಕುವ ವಸ್ತುವಿನಿಂದ ಒಂದಿಷ್ಟು ಚೆಲುವನ್ನು ಬಯಸಿದರು. ಆಡಮ್ಸ್ ತೋರಿಸುವಂತೆ, ವರ್ಷಗಳು ಕಳೆದಂತೆ ಚಿತ್ರಗಳು ಹೆಚ್ಚು ಅಚ್ಚುಕಟ್ಟಾದವು, ಬಣ್ಣ ಇನ್ನಷ್ಟು ಉಜ್ವಲವಾಯಿತು, ಹಿಂಸೆಯ ದೃಶ್ಯ ಕಡಿಮೆಯಾಯಿತು. ಪೊಲೀಸರ ಭಯವೂ ಇತ್ತು, ಆದರೆ ಅದಷ್ಟೇ ಅಲ್ಲ. ಗುಣಮಟ್ಟ ನೋಡುವ ವಿಕಾರಿಯಾದ ಸಿಬ್ಬಂದಿ ಕೆಲವನ್ನು ಹಿಂದಕ್ಕೆ ಕೊಡುತ್ತಿದ್ದರು. ಯಾವುದು ಮಾರಾಟವಾಗುತ್ತದೆ ಎಂಬುದು ಗುಂಪಿಗೆ ತಿಳಿಯುತ್ತ ಹೋಯಿತು. ಮಾರಾಟವಾದದ್ದನ್ನು ಮತ್ತೆ ಹೊಲಿಯುವುದು, ಮೂರು ಮಕ್ಕಳಿರುವ ತಾಯಿಗೆ, ತಪ್ಪೇನಲ್ಲ.

ನಾನು ಇಲ್ಲಿ ಕೊಳ್ಳುವವರನ್ನು ದೂರುವುದಿಲ್ಲ, ಹೊಲಿದವರನ್ನಂತೂ ಖಂಡಿತ ಇಲ್ಲ. ಮಾರಾಟವೇ ಇಲ್ಲದಿದ್ದರೆ ಈ ಕೆಲಸ ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಹಸಿದವರಿಗೆ ಬಿಟ್ಟಿಯಾಗಿ ಸಾಕ್ಷಿ ನುಡಿ ಎನ್ನುವುದು ಕ್ರೌರ್ಯ. ಆದರೆ ಬಡಾವಣೆಯ ಬದುಕನ್ನು ಬಲ್ಲ ಹೆಂಗಸು ಏನನ್ನು ತೋರಿಸಬೇಕೆಂದು ತೀರ್ಮಾನಿಸುತ್ತಿದ್ದಾಗ, ಸಾವಿರಾರು ಮೈಲಿ ದೂರದ ಗೋಡೆಯೊಂದು ಮೆಲ್ಲಗೆ ಆ ತೀರ್ಮಾನದೊಳಗೆ ಸೇರಿಕೊಂಡಿತು ಎಂಬುದನ್ನು ಕಾಣದಿರುವುದೂ ಸರಿಯಲ್ಲ. ಒಂದು ಚಿತ್ರ ನಿಜಕ್ಕೂ ಆ ಹೆಂಗಸಿನದೇ ಎಂದು ನನಗೆ ಅನ್ನಿಸುವುದು ಅವಳಿಗೆ ಮಾತ್ರ ತಿಳಿದಿರಬಹುದಾದ ಒಂದು ಸಣ್ಣ ವಿವರ ಸಿಕ್ಕಾಗ: ನಲ್ಲಿಯ ಸಾಲಿನಲ್ಲಿ ಖಾಲಿ ಬಕೆಟ್ ಬೋರಲು ಹಾಕಿ ಕುಳಿತ ಮುದುಕಿಯಂಥದ್ದು. ನೂರು ಸಲ ನಕಲಾದ ದೃಶ್ಯಗಳಲ್ಲಿ ಮೊದಲು ಬಿದ್ದುಹೋಗುವುದು ಆ ವಿವರವೇ.

1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ಪಿನೊಚೆ ಸೋತ. 1990ರಲ್ಲಿ ಚುನಾಯಿತ ಸರ್ಕಾರ ಬಂತು, 1992ರಲ್ಲಿ ವಿಕಾರಿಯಾ ಬಾಗಿಲು ಮುಚ್ಚಿತು. ಚಿಲಿಗೆ ಪ್ರಜಾಪ್ರಭುತ್ವ ಮರಳಿತೆಂದು ವಿದೇಶದ ಕೊಳ್ಳುವವರೂ ಕಡಿಮೆಯಾದರು. ಬಡಾವಣೆಗಳ ಬಡತನ ಮಾತ್ರ ಅದೇ ದಿನ ಮುಗಿಯಲಿಲ್ಲ. ಪ್ರವಾಸಿಗರಿಗಾಗಿ ಕೊಯ್ಲು, ಕುರಿಮಂದೆ, ಹಳ್ಳಿ ಸಂತೆಯ ಅರ್ಪಿಯೇರಾಗಳು ಬಂದವು.

ಪದ್ಧತಿ ಬೇರೆಡೆ ಬೇರು ಬಿಟ್ಟಿತು. ಬ್ರೆಜಿಲ್‌ನಲ್ಲಿ ಅಣೆಕಟ್ಟುಗಳಿಂದ ನೆಲೆ ಕಳೆದುಕೊಂಡವರ ಚಳವಳಿಯ ಹೆಂಗಸರು ಮುಳುಗಿದ ಮನೆ, ಬತ್ತಿದ ಮೀನುಗಾರಿಕೆಯನ್ನು ಇದೇ ರೀತಿ ಹೊಲಿದರು. ಚಿಲಿ ಮೂಲದ ಸಂಗ್ರಾಹಕಿ ರೊಬೆರ್ತಾ ಬಾಸಿಕ್ ಅವರು ಉತ್ತರ ಐರ್ಲೆಂಡಿನಲ್ಲಿದ್ದುಕೊಂಡು ಇಂಥ ಬಟ್ಟೆಗಳ ದೊಡ್ಡ ಸಂಗ್ರಹ ಕಟ್ಟಿದ್ದಾರೆ. ಅಲ್ಲಿನ ಹೆಂಗಸರೂ ತಮ್ಮ ನಾಡಿನ ಹಿಂಸೆಯ ನೆನಪುಗಳನ್ನು ಹೊಲಿದರು.

ಹೆಸರಿನ ಪ್ರಶ್ನೆ

ಸಾಂಟಿಯಾಗೊದಲ್ಲಿ 2010ರ ಜನವರಿಯಲ್ಲಿ ನೆನಪು ಮತ್ತು ಮಾನವ ಹಕ್ಕುಗಳ ಸಂಗ್ರಹಾಲಯ ಆರಂಭವಾಯಿತು. ಅರ್ಪಿಯೇರಾಗಳಿಗೆ ಅಲ್ಲಿ ಗೌರವದ ಸ್ಥಾನವಿದೆ. ವಿದೇಶಗಳಲ್ಲಿ ಕೊಂಡವರ ಮನೆಗಳಿಂದಲೂ ಹಳೆಯ ಚಿತ್ರಗಳು ಸಂಗ್ರಹಗಳಿಗೆ ಬಂದು ಸೇರುತ್ತಿವೆ. ಹಾಗೆ ಬಂದವುಗಳಲ್ಲಿ ಜೇಬಿನ ಚೀಟಿ ಉಳಿದಿದ್ದರೆ ಸಂದರ್ಭ ತಿಳಿಯುತ್ತದೆ. ಚೀಟಿ ಕಳೆದುಹೋಗಿದ್ದರೆ ಬೊಂಬೆಗಳೂ ಪರ್ವತವೂ ಮಾತ್ರ ಉಳಿಯುತ್ತವೆ.

ಹೆಸರಿಲ್ಲದಿರುವುದು ಒಂದು ಕಾಲದಲ್ಲಿ ಜೀವ ಉಳಿಸಿದ ಉಪಾಯ. ಅದನ್ನು ಇಂದು ಜನಪದ ಕಲೆಯ ಸಹಜ ಲಕ್ಷಣವೆಂಬಂತೆ 'ಅಜ್ಞಾತ' ಎಂದು ಫಲಕದಲ್ಲಿ ಬರೆದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಜ್ಞಾತರಾಗಲು ಅವರು ಬಯಸಿರಲಿಲ್ಲ, ಅಡಗಬೇಕಾಗಿ ಬಂದಿತ್ತು. ಬದುಕಿರುವವರನ್ನು ಹುಡುಕಿ ಕೇಳಬಹುದು: ಹೆಸರು ಹಾಕೋಣವೇ? ಬೇಡ ಎಂದರೆ ಅದು ಅವರ ಮಾತು. ಹೊಲಿದವರು ಯಾರೆಂದು ತಿಳಿಯದ ಕಡೆ ಕಾರ್ಯಾಗಾರದ ಹೆಸರು, ಬಡಾವಣೆಯ ಹೆಸರು, ಚೀಟಿಯ ಒಕ್ಕಣೆಯನ್ನಾದರೂ ಪೂರ್ತಿಯಾಗಿ ಫಲಕದಲ್ಲಿ ಹಾಕಬೇಕು. ಯಾವ ಹೆಸರನ್ನು ಏಕೆ ಮರೆಮಾಚಲಾಗಿತ್ತು ಎಂಬುದನ್ನೂ ಎರಡು ಸಾಲಿನಲ್ಲಿ ಹೇಳಬೇಕು. ಸಂಗ್ರಹಾಲಯ ಇವುಗಳ ಚಿತ್ರಗಳನ್ನು ಪುಸ್ತಕ, ಕ್ಯಾಲೆಂಡರ್, ಅಂಚೆ ಕಾರ್ಡುಗಳಲ್ಲಿ ಅಚ್ಚು ಹಾಕಿ ಮಾರುವುದಾದರೆ ಹೊಲಿದ ಗುಂಪಿನವರಿಗೆ, ಅವರಿಲ್ಲದಿದ್ದರೆ ಅವರ ಮನೆಯವರಿಗೆ, ಅದರಲ್ಲಿ ಪಾಲು ಸಲ್ಲಬೇಕು. ಗುಂಪಿನ ನಿಧಿಗೆ ಒಂದು ಪಾಲು ಎಂಬ ಲೆಕ್ಕವನ್ನು ಆ ಹೆಂಗಸರು ಅಷ್ಟು ಕಷ್ಟಕಾಲದಲ್ಲೂ ಬಿಟ್ಟಿರಲಿಲ್ಲ.